ಒಂದು ರಾತ್ರಿಯ ಕಪ್, ಎಂಟು ತಿಂಗಳ ಲೀಗ್

ಸಿದ್ದಾಪುರದಿಂದ ಶಿರಸಿಗೆ ಸುಮಾರು 37 ಕಿಲೋಮೀಟರ್. ಅಲ್ಲಿಂದ ಯಲ್ಲಾಪುರಕ್ಕೆ ಮತ್ತೆ ಸುಮಾರು 50. ದಾರಿಯುದ್ದಕ್ಕೂ ಅಡಿಕೆ ತೋಟ, ಬೆಟ್ಟ, ನಡುನಡುವೆ ಗದ್ದೆ ಬಯಲು. ಮಳೆಗಾಲ ಮುಗಿದು ಅಡಿಕೆ ಕೊಯ್ಲು ಶುರುವಾಗುವ ಹೊತ್ತಿಗೆ ಈ ದಾರಿಯಲ್ಲಿ ಹೋಗುವವರ ಕಣ್ಣಿಗೆ ಎರಡು ಬಗೆಯ ಬ್ಯಾನರುಗಳು ಬೀಳುತ್ತವೆ. ಒಂದು ಯಕ್ಷಗಾನದ್ದು. ಇನ್ನೊಂದು ಹೊನಲು ಬೆಳಕಿನ ಕಬಡ್ಡಿ ಇಲ್ಲವೇ ವಾಲಿಬಾಲ್ ಪಂದ್ಯಾವಳಿಯದ್ದು.

ಪಂದ್ಯಾವಳಿಯ ರಾತ್ರಿ ಊರಿಗೆ ಊರೇ ಬಯಲಿಗೆ ಬರುತ್ತದೆ. ಸಂಜೆ ಆರಂಭವಾದ ಆಟ ಮುಗಿಯುವಾಗ ಕೋಳಿ ಕೂಗುವ ಸಮಯ. ಗೆದ್ದವರ ಹೆಗಲ ಮೇಲೆ ಕಪ್, ಸೋತವರಿಗೆ ಮನೆಯ ದಾರಿ. ಮರುದಿನ ಕಂಬ ಕಿತ್ತು, ಬಲೆ ಮಡಚಿದರೆ ಬಯಲಿನಲ್ಲಿ ಮತ್ತೆ ದನಗಳು! ಮೇಳದ ಕಲಾವಿದನ ಪಾಡು ಬೇರೆ. ನಿನ್ನೆಯ ಆಟ ರಂಗೇರಿದ್ದರೂ ಸೈ, ಸಪ್ಪೆಯಾಗಿದ್ದರೂ ಸೈ, ಇಂದು ಮುಂದಿನ ಊರಿನಲ್ಲಿ ಮತ್ತೆ ಬಣ್ಣ ಹಚ್ಚಲೇಬೇಕು. ಅದು ಇಡೀ ಋತುವಿನ ತಿರುಗಾಟ.

ಫುಟ್‌ಬಾಲ್ ಲೋಕದಲ್ಲಿ ಈ ಎರಡೂ ಒಂದೇ ತಂಡದ ಪಾಲಿಗೆ ಬರುತ್ತವೆ. ಕಪ್ ಎಂದರೆ ಸೋತವರು ಹೊರಬೀಳುವ ಪಂದ್ಯಾವಳಿ. ಲೀಗ್ ಎಂದರೆ ಎಲ್ಲರೊಡನೆ ಎಲ್ಲರೂ, ತಮ್ಮ ಅಂಗಳದಲ್ಲೊಮ್ಮೆ, ಎದುರಾಳಿಯ ಅಂಗಳದಲ್ಲೊಮ್ಮೆ ಆಡುವ ತಿರುಗಾಟ. ಗೆದ್ದರೆ 3 ಅಂಕ, ಸಮವಾದರೆ 1. ಕರ್ನಾಟಕದ ಮಕ್ಕಳಿಗೆ ಇದರ ಪಾಠ ಹೇಳಿದ್ದು ಬೆಂಗಳೂರು ಎಫ್‌ಸಿ. 2013ರಲ್ಲಿ ಹುಟ್ಟಿದ ಈ ಕ್ಲಬ್ಬು ಮೊದಲ ಋತುವಿನ ಫೆಡರೇಷನ್ ಕಪ್‌ನಲ್ಲಿ ಗುಂಪು ಹಂತದಲ್ಲೇ ಹೊರಬಿತ್ತು. ಅದೇ ತಂಡ ಅದೇ ಋತುವಿನಲ್ಲಿ, ಸೆಪ್ಟೆಂಬರಿನಿಂದ ಏಪ್ರಿಲ್‌ವರೆಗೆ 24 ಪಂದ್ಯಗಳನ್ನಾಡಿ, 47 ಅಂಕ ಗಳಿಸಿ ಐ-ಲೀಗ್ ಗೆದ್ದುಕೊಂಡಿತು! 2014ರ ಏಪ್ರಿಲ್ 21ರಂದು ಡೆಂಪೊ ತಂಡವನ್ನು 4-2ರಿಂದ ಮಣಿಸಿ ಪ್ರಶಸ್ತಿ ಖಚಿತಪಡಿಸಿಕೊಂಡದ್ದು ಗೋವೆಯ ಮಡಗಾಂವ್ ಪಕ್ಕದ ಫತೋರ್ಡಾದಲ್ಲಿ. ಯಲ್ಲಾಪುರದಿಂದ ಬೆಂಗಳೂರಿಗೆ ಇರುವುದರ ಅರ್ಧದಷ್ಟೂ ದೂರವಿಲ್ಲದ ಊರು ಅದು. ಮರುವರ್ಷ ತಿರುವುಮುರುವು. 2015ರ ಜನವರಿಯಲ್ಲಿ ಕಪ್ ಕೈಗೆ ಬಂತು. ಮೇ 31ರಂದು ಲೀಗಿನ ಕೊನೆಯ ಪಂದ್ಯದಲ್ಲಿ, ಆಟ ಮುಗಿಯಲು ಕೆಲವೇ ನಿಮಿಷಗಳಿದ್ದಾಗ ಮೋಹನ್ ಬಗಾನ್ 1-1ರ ಸಮ ಮಾಡಿಕೊಂಡು ಪ್ರಶಸ್ತಿ ಒಯ್ದಿತು. ಒಂದು ದಿನದ ಅದೃಷ್ಟವನ್ನು ಕಪ್ ತೋರಿಸುತ್ತದೆ. ತಂಡದ ತಾಳಿಕೆಯನ್ನು ಲೀಗ್ ತೋರಿಸುತ್ತದೆ.

ಶಿರಸಿಯಂತೆಯೇ ಕಾಡಿನ ಮಗ್ಗುಲಲ್ಲಿರುವ ಊರೊಂದು ಜರ್ಮನಿಯಲ್ಲಿದೆ. ಅದು ಬ್ಲ್ಯಾಕ್ ಫಾರೆಸ್ಟ್ ಅಂಚಿನ ಫ್ರೈಬುರ್ಗ್. ಅಲ್ಲಿಯ ಕ್ಲಬ್ಬು ಬಯರ್ನ್ ಮ್ಯೂನಿಕ್‌ನಂತೆ ಸಿರಿವಂತ ಕ್ಲಬ್ಬಲ್ಲ. ತನ್ನ ತರಬೇತಿ ಶಾಲೆಯಲ್ಲಿ ಬೆಳೆದ ಹುಡುಗರೇ ಅದರ ಆಸ್ತಿ. 2015ರಲ್ಲಿ ಈ ತಂಡ ಮೇಲಿನ ದರ್ಜೆಯ ಬುಂಡೆಸ್‌ಲೀಗಾದಿಂದ ಕೆಳಗಿಳಿಯಿತು. ಬೇರೆ ಕಡೆಯಾಗಿದ್ದರೆ ತರಬೇತುದಾರ ಮನೆಗೆ ಹೋಗುತ್ತಿದ್ದರು. ಫ್ರೈಬುರ್ಗ್ ಮಾತ್ರ ಕ್ರಿಸ್ಟಿಯಾನ್ ಸ್ಟ್ರೈಖ್ ಅವರನ್ನು ಉಳಿಸಿಕೊಂಡಿತು. ಮರುವರ್ಷವೇ ತಂಡ ಮೇಲೇರಿತು. 2021-22ರ ಋತುವಿನಲ್ಲಿ 34 ಪಂದ್ಯಗಳ ಲೀಗಿನಲ್ಲಿ ಆರನೆಯ ಸ್ಥಾನ, ಜರ್ಮನ್ ಕಪ್‌ನಲ್ಲಿ ಬರ್ಲಿನ್ನಿನ ಫೈನಲ್! ಅಲ್ಲಿ ಲೈಪ್‌ಜಿಗ್ ತಂಡಕ್ಕೆ ಪೆನಾಲ್ಟಿಯಲ್ಲಿ ಸೋತದ್ದು ನಿಜ. ಆದರೆ ಸೋತ ಮೇಲೂ ಬೆಳಗಾದರೆ ಮಕ್ಕಳಿಗೆ ಮೈದಾನವಿತ್ತು, ಕಲಿಸುವವರಿದ್ದರು.

ಈ ಮಾತಿನ ತೂಕ ಗೊತ್ತಾಗಬೇಕಾದರೆ ಶಿರಸಿಯಿಂದ ಯಲ್ಲಾಪುರದ ಬಸ್ಸು ಹತ್ತಬೇಕು. ಸಹಸ್ರಲಿಂಗದ ತಿರುವು ದಾಟಿ, ಮಂಚಿಕೇರಿ ಕಳೆದರೆ ಸುತ್ತಲಿನ ಕಾಡಿನಲ್ಲಿ ಸಿದ್ದಿಯರ ಕೇರಿಗಳು. ಆಫ್ರಿಕಾದಿಂದ ಗುಲಾಮರಾಗಿ ಹಡಗಿನಲ್ಲಿ ಬಂದವರ ವಂಶದವರು ಇವರು. ಪೋರ್ಚುಗೀಸರ ಗೋವೆಯಿಂದ ತಪ್ಪಿಸಿಕೊಂಡ ಅನೇಕರಿಗೆ ಈ ಘಟ್ಟದ ಕಾಡೇ ಆಸರೆಯಾಯಿತು. ಹಿಂದೂ, ಮುಸ್ಲಿಂ, ಕ್ರೈಸ್ತ, ಮೂರೂ ಧರ್ಮದವರು ಇವರಲ್ಲಿದ್ದಾರೆ. ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡದ ಪಟ್ಟಿ ಸೇರಿದ್ದು 2003ರಲ್ಲಿ.

1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ವಿಶೇಷ ಪ್ರದೇಶ ಕ್ರೀಡಾ ಯೋಜನೆಯಡಿ ಈ ಕೇರಿಗಳ ಮಕ್ಕಳನ್ನು ಆರಿಸಿತು. ಬರಿಗಾಲಲ್ಲಿ ಗುಡ್ಡ ಹತ್ತಿಳಿಯುತ್ತಿದ್ದ ಹುಡುಗ ಹುಡುಗಿಯರಿಗೆ ಬೂಟು, ಹೊಟ್ಟೆ ತುಂಬ ಊಟ, ಶಾಲೆ, ದಿನವೂ ತರಬೇತಿ. ರಾಷ್ಟ್ರಮಟ್ಟದ ಓಟಗಾರರು ಇಲ್ಲಿಂದ ಹೊರಟರು. ಆದರೆ 1990ರ ದಶಕದ ಆರಂಭದಲ್ಲಿ ಸಿದ್ದಿ ಮಕ್ಕಳ ತರಬೇತಿ ನಿಂತುಹೋಯಿತು. ಕೆಲವರು ಕ್ರೀಡೆಯ ಬಲದಿಂದ ನೌಕರಿ ಹಿಡಿದರು. ಎಷ್ಟೋ ಮಂದಿ ಅರ್ಧಕ್ಕೇ ಊರಿಗೆ ಮರಳಿ ಕೂಲಿಗೆ ನಿಂತರು. ಕಾಲಿನ ಕಸುವು ಹೋಗಿರಲಿಲ್ಲ. ಮುಂದಿನ ಪಂದ್ಯವೇ ಇರಲಿಲ್ಲ. ಲೀಗ್ ಆಗಬೇಕಿದ್ದದ್ದು ಕಪ್ ಆಗಿ ಮುಗಿದಿತ್ತು.

ಆ ಕಡಿದ ಎಳೆಯನ್ನು ಮತ್ತೆ ಜೋಡಿಸುವ ಕೆಲಸಕ್ಕೆ ಈಚಿನ ವರ್ಷಗಳಲ್ಲಿ ಬ್ರಿಡ್ಜಸ್ ಆಫ್ ಸ್ಪೋರ್ಟ್ಸ್ ಎಂಬ ಸಂಸ್ಥೆ ಪಕ್ಕದ ಮುಂಡಗೋಡದಲ್ಲಿ ಕೈಹಾಕಿತು. ತಂದೆ ತಾಯಂದಿರಿಗೆ ಇದರಲ್ಲೊಂದು ಕಿವಿಮಾತಿದೆ. ಶಾಲಾ ಕ್ರೀಡಾಕೂಟದಲ್ಲಿ ಮಗಳು ಕಪ್ ತಂದ ದಿನ ಅದನ್ನು ಕಪಾಟಿನಲ್ಲಿಟ್ಟು ಮರೆಯುವುದು ಸುಲಭ. ನಾಳೆ ಬೆಳಿಗ್ಗೆ ಅವಳನ್ನು ಓಡಿಸುವವರು ಯಾರು, ಬರುವ ವರ್ಷ ಯಾರು ಎಂದು ಕೇಳುವುದು ಕಷ್ಟ. ಕೇಳಬೇಕಾದದ್ದು ಮಾತ್ರ ಆ ಪ್ರಶ್ನೆಯನ್ನೇ.

ಜೂನ್ ಬಂತೆಂದರೆ ಈ ಮೂರೂ ತಾಲ್ಲೂಕುಗಳಲ್ಲಿ ಮಳೆ ಹಿಡಿದು, ಶಾಲೆಯ ಅಂಗಳವೆಲ್ಲ ಕೆಸರು. ಗುರುತು ಹಾಕಿದ ಸುಣ್ಣದ ಗೆರೆ ಒಂದೇ ಮಳೆಗೆ ತೊಳೆದುಹೋಗುತ್ತದೆ. ಮಳೆ ಬಿಟ್ಟ ಮೇಲೆ ಯಾರಾದರೂ ಮತ್ತೆ ಸುಣ್ಣ ಹಿಡಿದು ಬಂದರಾಯಿತು, ಓಡುವ ಮಕ್ಕಳಿಗೆ ಇಲ್ಲಿ ಬರವಿಲ್ಲ.