ಅಜ್ಜಿಯ ನೆಟಿಗೆ



ನನಗೆ ನೆಟಿಗೆ ಮುರಿಯುವ ಚಟ ಇರುವುದು ನಮ್ಮ ತರಗತಿಗೆಲ್ಲ ಗೊತ್ತು. ಲೆಕ್ಕ ಬಾರದಿದ್ದಾಗ ಕೈ ತಾನಾಗಿಯೇ ಬೆರಳು ಹಿಡಿದು ಎಳೆಯುತ್ತದೆ. ಲಟ್ ಅಂತ ಸದ್ದಾಗುತ್ತದೆ, ಹಿಂದಿನ ಬೆಂಚಿನವರು ಕಿಸಕ್ಕನೆ ನಗುತ್ತಾರೆ. ಮನೆಯಲ್ಲಿ ಅಮ್ಮ "ಸಂಜೆ ಹೊತ್ತು ನೆಟಿಗೆ ಮುರೀಬ್ಯಾಡ, ಮನೆಗೆ ದರಿದ್ರ" ಅಂತಾಳೆ. ಅಪ್ಪ "ವಯಸ್ಸಾದ್ಮೇಲೆ ಗೊತ್ತಾಗುತ್ತೆ, ಬೆರಳೆಲ್ಲ ಸೊಟ್ಟ ಆಗ್ತವೆ" ಅಂತಾರೆ. ದರಿದ್ರಕ್ಕೆ ನಾನು ಹೆದರಲಿಲ್ಲ. ಸೊಟ್ಟ ಬೆರಳಿಗೆ ಹೆದರಿದೆ. ಯಾಕೆಂದರೆ ಅಂಥ ಬೆರಳು ನಮ್ಮ ಮನೆಯಲ್ಲೇ ಇವೆ.

ನಮ್ಮಜ್ಜಿಯ ಬೆರಳ ಗೆಣ್ಣುಗಳು ಶುಂಠಿಯ ಹಾಗೆ ಉಬ್ಬಿವೆ. ಹುಣಸೆ ಬೀಜ ಬಿಡಿಸುತ್ತಾ ಬಿಡಿಸುತ್ತಾ ನೋವು ಅಂತ ಕೈ ಒದರುತ್ತಾಳೆ. ಇದೇ ಅಜ್ಜಿ ನಾನು ಎಲ್ಲಿಗಾದರೂ ಹೊರಟರೆ ಎರಡೂ ಕೈಯಿಂದ ನನ್ನ ಕೆನ್ನೆ ನೀವಿ, ಬೆರಳುಗಳನ್ನು ತನ್ನ ಹಣೆಯ ಪಕ್ಕಕ್ಕೆ ಒತ್ತಿ ನೆಟಿಗೆ ಮುರಿದು ದೃಷ್ಟಿ ತೆಗೆಯುತ್ತಾಳೆ. ಹೆಚ್ಚು ಸದ್ದಾದರೆ ಹೆಚ್ಚು ದೃಷ್ಟಿ ತಗಲಿತ್ತು ಅಂತ ಲೆಕ್ಕ. ಒಂದು ದಿನ ನಗುತ್ತಾ "ನಿನ್ ದೃಷ್ಟಿ ತೆಗ್ದೂ ತೆಗ್ದೂ ನನ್ ಬೆಳ್ಳು ಹಿಂಗಾದ್ವು ಕಣಪ್ಪ" ಅಂದಳು. ಅವಳು ತಮಾಷೆಗೆ ಅಂದದ್ದು. ನನಗೆ ಮಾತ್ರ ಅವತ್ತು ಅನ್ನ ಇಳಿಯಲಿಲ್ಲ. ಆಮೇಲೆ ಅವಳು ಕೈ ಚಾಚಿದರೆ ಸಾಕು, "ಗಂಟೆ ಹೊಡೀತು" ಅಂತ ತಪ್ಪಿಸಿಕೊಂಡು ಓಡುತ್ತಿದ್ದೆ. "ದೊಡ್ಡೋನಾದ, ಅಜ್ಜಿ ಕೈ ಬ್ಯಾಡ ಅವ್ನಿಗೆ" ಅಂತ ಅಮ್ಮನ ಹತ್ತಿರ ಹೇಳಿದಳಂತೆ.

ಕೊನೆಗೆ ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಅವರು ಬೈಯಲಿಲ್ಲ, ತಾವೂ ಒಂದು ಬೆರಳು ಮುರಿದು ತೋರಿಸಿದರು! ಕೀಲಿನೊಳಗೆ ಎಣ್ಣೆಯಂಥ ದ್ರವ ಇರುತ್ತದೆ, ಅದರಲ್ಲಿ ಅನಿಲ ಕರಗಿರುತ್ತದೆ. ಬೆರಳು ಎಳೆದಾಗ ಒಳಗಿನ ಜಾಗ ಹಿಗ್ಗಿ ಒತ್ತಡ ಇಳಿಯುತ್ತದೆ. ಸೋಡಾ ಬಾಟಲಿಯ ಮುಚ್ಚಳ ತೆಗೆದಾಗ ಆಗುವಂತೆ ಅಲ್ಲಿ ಅನಿಲದ ಗುಳ್ಳೆ ಏಳುತ್ತದೆ. 2015ರಲ್ಲಿ ಕೆನಡಾದ ವಿಜ್ಞಾನಿಗಳು ಎಂ.ಆರ್.ಐ. ಯಂತ್ರದೊಳಗೆ ಬೆರಳು ಎಳೆದು ಇದರ ಚಿತ್ರವನ್ನೇ ತೆಗೆದರು. ಗುಳ್ಳೆ ಹುಟ್ಟುವಾಗ ಸದ್ದಾಗುತ್ತದೋ ಕುಗ್ಗುವಾಗಲೋ ಎಂದು ಬಲ್ಲವರಲ್ಲಿ ಇನ್ನೂ ವಾದ ಇದೆ. ಮೂಳೆ ಮುರಿಯುವ ಸದ್ದಂತೂ ಅಲ್ಲ. ಅನಿಲ ಮತ್ತೆ ಕರಗುವ ತನಕ ಅದೇ ಬೆರಳು ಇನ್ನೊಮ್ಮೆ ಸದ್ದು ಮಾಡದು. ಗಡಿಯಾರ ನೋಡಿದೆ, ನನ್ನ ನಡುಬೆರಳಿಗೆ 23 ನಿಮಿಷ ಬೇಕಾಯಿತು. (ಸಮಾಜ ಪಾಠದ ಹೊತ್ತಿನಲ್ಲಿ. ಕ್ಷಮಿಸಿ ಟೀಚರ್.)

ನನಗೆ ಬಹಳ ಹಿಡಿಸಿದ್ದು ಅಮೆರಿಕದ ಡೊನಾಲ್ಡ್ ಅಂಗರ್ ಎಂಬ ಡಾಕ್ಟರ ಕಥೆ. ಚಿಕ್ಕಂದಿನಲ್ಲಿ ಅವರನ್ನೂ ತಾಯಿ, ಚಿಕ್ಕಮ್ಮಂದಿರು, ಮುಂದೆ ಅತ್ತೆ ಕೂಡ ಹೀಗೇ ಹೆದರಿಸಿದ್ದರಂತೆ. ಅವರು 50 ವರ್ಷ ಎಡಗೈ ಬೆರಳುಗಳನ್ನು ಮಾತ್ರ ದಿನಕ್ಕೆ ಎರಡು ಸಲವಾದರೂ ಮುರಿದರು, ಬಲಗೈಯನ್ನು ಹಾಗೇ ಬಿಟ್ಟರು. ಗುಣಿಸಿ ನೋಡಿ, 36,500 ಸಲ! 1998ರಲ್ಲಿ ಅದನ್ನು ಬರೆದು ಪ್ರಕಟಿಸಿದರು. ಎರಡು ಕೈಗೂ ಸಂಧಿವಾತ ಇರಲಿಲ್ಲ. 2009ರಲ್ಲಿ ಅವರಿಗೆ ಇಗ್ ನೊಬೆಲ್ ಅಂತ ನಗಿಸುವ ಬಹುಮಾನ ಬಂತು.

"ಒಬ್ಬರ ಕೈ ನೋಡಿ ತೀರ್ಮಾನ ಮಾಡಬಾರದು ಕಣೋ" ಅಂದರು ಮೇಷ್ಟ್ರು. 1990ರಲ್ಲಿ 300 ಜನರನ್ನು ಪರೀಕ್ಷಿಸಿದಾಗಲೂ ನೆಟಿಗೆ ಮುರಿಯುವವರಲ್ಲಿ ಸಂಧಿವಾತ ಹೆಚ್ಚು ಕಾಣಲಿಲ್ಲ. ಆದರೆ ಕೈ ಊತ, ಹಿಡಿತ ಕಡಿಮೆ ಎಂದು ಅದರಲ್ಲಿ ಬರೆದಿದ್ದರು. ಆಮೇಲಿನ ಪರೀಕ್ಷೆಗಳಲ್ಲಿ ಅದು ಕಾಣಿಸಲಿಲ್ಲವಂತೆ. ನೋವು, ಊತ ಇದ್ದರೆ ಮಾತ್ರ ಡಾಕ್ಟರಿಗೆ ತೋರಿಸಬೇಕು. ಇನ್ನೊಬ್ಬರ ಬೆರಳನ್ನು ಬಲವಂತವಾಗಿ ಎಳೆಯುವುದು ಬೇರೆ ಮಾತು. ನಮ್ಮ ಬೆಂಚಿನ ಒಬ್ಬನಿಗೆ ಇದನ್ನು ಮುಖ್ಯವಾಗಿ ಹೇಳುತ್ತಿದ್ದೇನೆ.

ಹಾಗಾದರೆ ಅಜ್ಜಿಯ ಬೆರಳು? ವಯಸ್ಸು, ಮತ್ತೆ ವಂಶದಲ್ಲಿ ಬರುವುದೂ ಉಂಟು ಅಂದರು. ಆಗ ನೆನಪಾಯಿತು, ಅಜ್ಜಿಯ ಅಕ್ಕನ ಬೆರಳೂ ಹಾಗೇ ಇದ್ದವು.

ಅವತ್ತು ಸಂಜೆ ಮನೆಗೆ ಓಡಿ ಅಂಗರ್ ಕಥೆಯನ್ನೆಲ್ಲ ಅಜ್ಜಿಗೆ ಹೇಳಿದೆ. ಅಜ್ಜಿ ಕೇಳಿ, "ಐವತ್ತು ವರ್ಷ ಮುರಿದ್ನಾ! ಯಾರಿಗೆ ದೃಷ್ಟಿ ತೆಗೀತಿದ್ನೋ ಪಾಪ" ಅಂದಳು. "ನಿನ್ ಬೆಳ್ಳು ನನ್ನಿಂದ ಹಿಂಗಾಗಿಲ್ಲ ಅಜ್ಜಿ" ಅಂದೆ. ಅವಳು ನನ್ನ ಮುಖ ನೋಡಿದಳು. "ಅದ್ಕಾ ಓಡ್ತಿದ್ದೆ?" ಅಂತ ಕೆನ್ನೆ ನೀವಿ ಹಣೆಗೆ ಒತ್ತಿದಳು. ಹತ್ತರಲ್ಲಿ ಎರಡೇ ಸದ್ದಾದವು.

ಈಗ ನೋವಿದ್ದ ದಿನ ಅಜ್ಜಿ ಕೆನ್ನೆ ಮಾತ್ರ ನೀವುತ್ತಾಳೆ, ನೆಟಿಗೆ ನಾನೇ ಮುರಿಯುತ್ತೇನೆ. ಅದೂ ಲೆಕ್ಕಕ್ಕೆ ಬರುತ್ತೆ ಅಂತ ಒಪ್ಪಿದ್ದಾಳೆ.