ಒದ್ದೆ ಬಟ್ಟೆಯ ಉಪಾಯ

ಬ್ಯಾಂಕಿನಲ್ಲಿ ಸಸ್ಪೆನ್ಸ್ ಅಕೌಂಟ್ ಅಂತ ಒಂದು ಇರುತ್ತದೆ. ತಾಳೆಯಾಗದ ಮೊತ್ತವನ್ನು ತಾತ್ಕಾಲಿಕವಾಗಿ ಅದರಲ್ಲಿ ಹಾಕಿಟ್ಟು, ಆಮೇಲೆ ಸರಿಪಡಿಸುವುದು. ಆ 'ಆಮೇಲೆ' ಬಹಳ ದಿನ ಬರದಿದ್ದರೆ ಇನ್‌ಸ್ಪೆಕ್ಷನ್‌ಗೆ ಬಂದವರು ಕಿವಿ ಹಿಂಡುತ್ತಾರೆ. 36 ವರ್ಷ ಇದೇ ಶಿಸ್ತಿನಲ್ಲಿದ್ದ ನಾನು, ನನ್ನ ಹಳೇ ಪ್ರೀಮಿಯರ್ ಪದ್ಮಿನಿಯ ವಿಷಯದಲ್ಲಿ ಮಾತ್ರ ತಪ್ಪಿದೆ.

ಪುಣೆಗೆ ವರ್ಗವಾಗಿ ಬಂದ ಮೇಲೆ, 1998ರಲ್ಲಿ ಅದನ್ನು ಸೆಕೆಂಡ್‌ಹ್ಯಾಂಡ್ ಕೊಂಡಿದ್ದೆ. 2001ರಿಂದ ಬಿಸಿಲೇರಿದರೆ ನಿಲ್ಲತೊಡಗಿತು. ಎಂಜಿನ್ ಪಕ್ಕದ ಫ್ಯುಯೆಲ್ ಪಂಪ್ ಹಿಂದಿನ ಟ್ಯಾಂಕಿನಿಂದ ಪೆಟ್ರೋಲ್ ಎಳೆದು ಕಾರ್ಬ್ಯುರೇಟರಿಗೆ ಕೊಡುತ್ತದೆ. ಮೆಕ್ಯಾನಿಕ್‌ಗಳ ಬಾಯಲ್ಲಿ ಅದು 'ಏಸಿ ಪಂಪ್'. ತಂಪು ಗಾಳಿಗೂ ಅದಕ್ಕೂ ಸಂಬಂಧವಿಲ್ಲ! ಕಾವಿಗೆ ಒಳಗಿನ ಪೆಟ್ರೋಲ್ ಆವಿಯಾದರೆ ಪಂಪ್ ಕೈಚೆಲ್ಲುತ್ತದೆ. ಅದರ ಮೇಲೆ ಒದ್ದೆ ಬಟ್ಟೆ ಹಾಕಿ ಕಾದರೆ ಮತ್ತೆ ಹೊರಡುತ್ತದೆ. ಪದ್ಮಿನಿ ಇಟ್ಟವರಿಗೆಲ್ಲ ಗೊತ್ತಿದ್ದ ಉಪಾಯ. ನಾನೂ ಅದರಲ್ಲೇ ದಿನ ನೂಕಿದೆ.

ಧಾರವಾಡದಿಂದ ಅಣ್ಣನ ಫೋನ್ ಬಂದಾಗಲೆಲ್ಲ, "ಗಾಡಿ ನಂಬೋ ಹಂಗಿಲ್ಲ, ರಿಪೇರಿ ಆದಮ್ಯಾಲ ಬರ್ತೀನಿ" ಅನ್ನುತ್ತಿದ್ದೆ. ರೈಲು, ಬಸ್ಸು ಇರಲಿಲ್ಲವೇ? ಇದ್ದವು. ನೆಪಕ್ಕೆ ಗಾಡಿ ಸಾಕಾಗಿತ್ತು.

2003ರ ಮೇ ತಿಂಗಳಲ್ಲಿ ಅಣ್ಣ, "ತಮ್ಮಾ, ಅವ್ವ ದಿನಾ ನಿನ್ನ ಕೇಳ್ಲಿಕ್ಕತ್ತಾಳ" ಎಂದ. ಬೆಳಿಗ್ಗೆಯೇ ಹೊರಟೆ. ಖಂಬಾಟ್ಕಿ ಘಾಟಿನಲ್ಲಿ ಗಾಡಿ ನಿಂತಿತು. ಒದ್ದೆ ಬಟ್ಟೆ ಹಾಕಿದೆ. ಒಂದು ಕಿಲೋಮೀಟರ್ ಹೋಗಿ ಮತ್ತೆ ನಿಂತಿತು. ಕುಡಿಯುವ ನೀರೂ ಅದಕ್ಕೇ ಖರ್ಚಾಯಿತು. ಹೇಗೋ ಏರಿ, ಸಾತಾರಾ ಮುಟ್ಟುವಾಗ ಮಧ್ಯಾಹ್ನ ದಾಟಿತ್ತು.

ಅಲ್ಲಿನ ಮೆಕ್ಯಾನಿಕ್ ಎಂಜಿನ್ ಆಯಿಲ್ ನೋಡುವ ಕಡ್ಡಿ ಎಳೆದು ಮೂಸಿದ. ಪೆಟ್ರೋಲ್ ವಾಸನೆ! "ಕಿತೀ ದಿವಸ ಅಶೀ ಚಾಲವಲೀ, ಸಾಹೇಬ್?" ಎಷ್ಟು ದಿನ ಹೀಗೆ ಓಡಿಸಿದಿರಿ ಎಂದರೆ ಏನು ಹೇಳಲಿ? ಪಂಪಿನೊಳಗಿನ ತೆಳ್ಳನೆಯ ಡಯಾಫ್ರಮ್ ಹರಿದು, ಪೆಟ್ರೋಲ್ ಆಯಿಲ್‌ಗೆ ಇಳಿಯುತ್ತಿತ್ತು. ಆಯಿಲ್ ತೆಳುವಾದರೆ ಬೇರಿಂಗ್ ಸವೆಯುತ್ತದೆ. ಬೆಂಕಿಯ ಭಯ ಬೇರೆ. ನಾನು ಬಟ್ಟೆ ಹಾಕಿ ಕಾಯುವಷ್ಟರಲ್ಲಿ ಎಂಜಿನ್ ತಣಿದು, ಸೋತ ಪಂಪ್ ಒಂದಿಷ್ಟು ಎಳೆಯುತ್ತಿತ್ತು, ಅಷ್ಟೇ.

ಆತ ಬ್ಯಾಟರಿ ವೈರ್ ತೆಗೆದ. ಪೆಟ್ರೋಲ್ ಪೈಪಿನ ಬಾಯಿಗೆ ಬೋಲ್ಟ್ ತುರುಕಿದ. ಎರಡು ನಟ್ ಬಿಚ್ಚಿ, ಹಳೇ ಪ್ಯಾಕಿಂಗ್ ಕೆರೆದು, ಅಷ್ಟೇ ದಪ್ಪದ ಹೊಸದು ಕೂಡಿಸಿ ಹೊಸ ಪಂಪ್ ಬಿಗಿದ. ಆಯಿಲ್ ಬದಲಿಸಿದ. ಒಂದೂವರೆ ತಾಸಿನ ಕೆಲಸ.

ಧಾರವಾಡ ತಲುಪಿದಾಗ ರಾತ್ರಿ ಒಂದು ಗಂಟೆ. ಅವ್ವ ಊಟ ಮಾಡದೆ ಕೂತಿದ್ದಳು. ತಡವಾದ ಕಾರಣ ಹೇಳಿ, ಹಳೇ ಪಂಪ್ ತೋರಿಸಿದೆ. ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ನೋಡಿ, "ಇಷ್ಟ ಸಣ್ಣ ಸಾಮಾನಿಗೆ ಎರಡು ವರ್ಷ ಮನಿಗೆ ಬರ್ಲಿಲ್ಲೇನೋ?" ಅಂದಳು. ಸಿಟ್ಟಿರಲಿಲ್ಲ, ಕೇಳಿದ್ದಷ್ಟೇ. ಇನ್‌ಸ್ಪೆಕ್ಷನ್‌ನವರು ಯಾರೂ ಹಾಗೆ ಕೇಳಿರಲಿಲ್ಲ.

ಆಮೇಲೆ ಎರಡು ತಿಂಗಳಿಗೊಮ್ಮೆ ಹೋದೆ. 2006ರಲ್ಲಿ ಅವ್ವ ತೀರಿಕೊಂಡಳು.

ಗಾಡಿ ಇನ್ನೂ ಇದೆ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಇಥೆನಾಲ್; ಹಳೇ ಕಾಲದ ರಬ್ಬರಿಗೆ ಅದು ಒಗ್ಗುವುದಿಲ್ಲ. ಹೋದ ವರ್ಷ ಪೈಪು, ಡಯಾಫ್ರಮ್ ಎಲ್ಲ ಬದಲಿಸಿದೆ. "ಇನ್ನೂ ಛಲೋ ಇದ್ದುವಲ್ರೀ" ಅಂದಳು ಹೆಂಡತಿ. ಛಲೋ ಇದ್ದಾಗಲೇ ಬದಲಿಸಬೇಕು ಅಂದೆ.