ನಂಬಿದರೆ ಸಾಕೇ?

ಪಟ್ಟನಾಯಕನಹಳ್ಳಿಯಲ್ಲಿ ಮುಕ್ತಿಯ ಮಾತೆತ್ತಲು ಯಾರೂ ಹಿಂಜರಿಯುವುದಿಲ್ಲ. ಗುರುಗುಂಡ ಬ್ರಹ್ಮೇಶ್ವರ ಸ್ವಾಮಿಯ ಮಠವಿರುವ ಊರು. ಭಜನೆ, ತತ್ವಪದ ಕೇಳಿ ಬೆಳೆದ ಜನ. ಒಮ್ಮೆ ಅಲ್ಲಿಯ ಕಟ್ಟೆಯ ಮೇಲೆ ಕ್ರೈಸ್ತ ಧರ್ಮದ ಪ್ರಸ್ತಾಪ ಬಂದಾಗ ಹಿರಿಯರೊಬ್ಬರು ಕೇಳಿದರು: "ಅಲ್ಲ ಕಣಪ್ಪ, ಯೇಸುನ ನಂಬಿದ್ರೆ ಪಾಪ ಎಲ್ಲಾ ಹೋಗ್ತವೆ ಅಂತಾರಲ್ಲ, ಹಂಗಾದ್ರೆ ಕಂಡೋರ ಹೊಲ ನುಂಗ್ದೋನು ಕೊನೇಗಾಲ್ದಾಗೆ ನಂಬ್ಬುಟ್ರೆ ಮುಗೀತಾ? ಹೊಲ ಕಳ್ಕೊಂಡೋನ ಗತಿ ಏನು?"

ಸಂತ ಆಗಸ್ಟೀನನಿಂದ ಹಿಡಿದು ಲೂಥರನವರೆಗೆ ದೊಡ್ಡ ದೊಡ್ಡವರೆಲ್ಲ ಈ ಪ್ರಶ್ನೆಯ ಸುತ್ತಲೇ ಗುದ್ದಾಡಿದ್ದಾರೆ. ಅಜ್ಜ ಓದಿದ್ದು ಎಷ್ಟೋ ಗೊತ್ತಿಲ್ಲ, ಕೈ ಇಟ್ಟದ್ದು ಮಾತ್ರ ಸರಿಯಾಗಿ ನಡುಗಂಬಕ್ಕೇ.

ನಮ್ಮ ಸೀಮೆಯ ಲೆಕ್ಕ ಗೊತ್ತೇ ಇದೆ: ಮಾಡಿದ್ದುಣ್ಣೋ ಮಹಾರಾಯ. ಎಂ.ಎಸ್. ಪುಟ್ಟಣ್ಣನವರು 1915ರಲ್ಲಿ ಇದೇ ಗಾದೆಯನ್ನು ಕಾದಂಬರಿಗೆ ಹೆಸರಾಗಿಟ್ಟರು. ಮಾಡಿದವನೇ ಉಣ್ಣಬೇಕು, ಈ ಜನ್ಮದಲ್ಲಿ ತೀರದಿದ್ದರೆ ಮುಂದಿನದರಲ್ಲಿ. ಈ ಲೆಕ್ಕದಲ್ಲಿ ನ್ಯಾಯವಿದೆ, ಅದಕ್ಕೇ ಅದು ಇಷ್ಟು ಗಟ್ಟಿಯಾಗಿ ಉಳಿದಿದೆ. ಆದರೆ ಯೇಸು ಹೇಳಿದ ಕಥೆಯೊಂದು ಈ ಲೆಕ್ಕವನ್ನು ಬುಡದಲ್ಲೇ ಅಲುಗಿಸುತ್ತದೆ. ಸಾಲ ಅಂದರೇನೆಂದು ಬಲ್ಲ ನಮ್ಮ ಬಯಲುಸೀಮೆಯವರಿಗೆ ಆ ಕಥೆ ಬೇರೆ ಯಾರಿಗಿಂತಲೂ ಬೇಗ ಹತ್ತೀತು. ಮಳೆ ಕೈಕೊಟ್ಟ ವರ್ಷ ಕಡ್ಲೆಕಾಯಿ ಬಿತ್ತಿದವನ ಮನೆಯಲ್ಲಿ ಸೊಸೈಟಿ ಸಾಲ, ಕೈಸಾಲ, ಸಂಘದ ಕಂತು, ಗಿರವಿಯಿಟ್ಟ ಒಡವೆ ಎಲ್ಲ ಒಟ್ಟಿಗೇ ಎದ್ದು ನಿಲ್ಲುತ್ತವೆ.

ಕಥೆ ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದ್ದು. ಒಬ್ಬ ಅರಸನಿಗೆ ಅವನ ಆಳು 10,000 ತಲಾಂತು ಕೊಡಬೇಕಾಗಿತ್ತು. ಒಂದು ತಲಾಂತೆಂದರೆ ಸುಮಾರು 6,000 ದಿನಾರಿ. ಒಂದು ದಿನಾರಿ ಒಬ್ಬ ಕೂಲಿಯಾಳಿನ ಒಂದು ದಿನದ ದುಡಿಮೆ. ಅಂದರೆ ಆರು ಕೋಟಿ ದಿನದ ಕೂಲಿ. ವರ್ಷಕ್ಕೆ 300 ದಿನ ದುಡಿದರೂ ಎರಡು ಲಕ್ಷ ವರ್ಷ ಬೇಕು. ಎಷ್ಟು ಜನ್ಮವೆತ್ತಿದರೂ ತೀರದ ಸಾಲವೆಂದು ಕೇಳಿದವರಿಗೆ ತಟ್ಟಲೆಂದೇ ಯೇಸು ಅಂಥ ಮೊತ್ತ ಹೇಳಿದ್ದು. ಆಳು ಕಾಲಿಗೆ ಬೀಳುತ್ತಾನೆ, ಸ್ವಲ್ಪ ತಡಕೊಳ್ಳಿ, ತೀರಿಸುತ್ತೇನೆ ಎನ್ನುತ್ತಾನೆ. ಅರಸ ಕೇಳಿದ್ದಕ್ಕಿಂತ ಹೆಚ್ಚು ಕೊಡುತ್ತಾನೆ. ವಾಯಿದೆಯಿಲ್ಲ, ಕಂತಿಲ್ಲ, ಸಾಲವೇ ಮನ್ನಾ.

ಕ್ರೈಸ್ತರು ಪಾಪವೆಂದಾಗ ಬರೀ ಒಂದೆರಡು ಕೆಟ್ಟ ಕೆಲಸಗಳ ಪಟ್ಟಿಯನ್ನು ಹೇಳುತ್ತಿಲ್ಲ. ಮನುಷ್ಯ ತನ್ನ ಬಲದಿಂದ ಎದ್ದು ಬರಲಾಗದ ಸ್ಥಿತಿಯನ್ನು ಹೇಳುತ್ತಿದ್ದಾರೆ. ಮನಸ್ಸು ಮಾಡಿದರೆ ಮನುಷ್ಯ ಒಳ್ಳೆಯವನಾಗಿ ಬಾಳಬಲ್ಲ ಎಂದು ಪೆಲಾಜಿಯಸ್ ಎಂಬ ಕ್ರೈಸ್ತ ಬೋಧಕ ವಾದಿಸಿದ. ದೇವರ ಕೃಪೆಯಿಲ್ಲದೆ ಆ ಮನಸ್ಸು ಮಾಡುವುದೂ ಆಗದೆಂದು ಉತ್ತರ ಆಫ್ರಿಕದ ಹಿಪ್ಪೋ ಪಟ್ಟಣದ ಬಿಷಪ್ ಆಗಸ್ಟೀನ್ ಎದುರು ನಿಂತ. 418ರಲ್ಲಿ ಕಾರ್ಥೇಜಿನ ಸಭೆ ಆಗಸ್ಟೀನನ ಕಡೆಗೇ ತೀರ್ಪು ಕೊಟ್ಟಿತು. ಪಾಪವಿಮೋಚನೆಯ ಪತ್ರಗಳನ್ನು ಹಣಕ್ಕೆ ಮಾರುತ್ತಿದ್ದುದನ್ನು 1517ರಲ್ಲಿ ಜರ್ಮನಿಯ ಲೂಥರ್ ಎದುರಿಸಿದ್ದೂ ಇದೇ ಜಗಳದ ಮುಂದುವರಿಕೆ. ಕ್ಷಮೆ ಕೊಂಡುಕೊಳ್ಳುವ ಸರಕಲ್ಲ, ಗಳಿಸುವ ಕೂಲಿಯೂ ಅಲ್ಲ. ಕೈಚಾಚಿ ತೆಗೆದುಕೊಳ್ಳುವುದಷ್ಟೇ ನಮ್ಮ ಪಾಲಿನದು, ಆ ಕೈಚಾಚುವಿಕೆಯೇ ನಂಬಿಕೆ ಎಂದು ಅವನು ಪಟ್ಟುಹಿಡಿದ.

ಈ ಲೂಥರನ ಮಾತಿಗೂ ನಮ್ಮ ತುಮಕೂರು ಜಿಲ್ಲೆಗೂ ಒಂದು ನಂಟಿದೆ. 1738ರ ಮೇ 24ರಂದು ಲಂಡನ್ನಿನಲ್ಲಿ, ರೋಮಾಪುರದವರಿಗೆ ಪೌಲ ಬರೆದ ಪತ್ರಕ್ಕೆ ಲೂಥರ್ ಬರೆದ ಮುನ್ನುಡಿಯನ್ನು ಯಾರೋ ಓದುತ್ತಿರುವಾಗ ಮೆಥಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿಗೆ ತನ್ನ ಪಾಪ ಕ್ಷಮಿಸಲ್ಪಟ್ಟಿದೆಯೆಂಬ ಭರವಸೆ ಹುಟ್ಟಿತು. ಅದಾಗಿ 99 ವರ್ಷಕ್ಕೆ, 1837ರಲ್ಲಿ, ವೆಸ್ಲಿಯ ಪಂಥದ ಥಾಮಸ್ ಹಾಡ್ಸನ್ ಗುಬ್ಬಿಯಲ್ಲಿ ಬಂದು ನೆಲೆಸಿದರು. ಅಲ್ಲಿ ಕೆಲಸ ಮಾಡಿದ ವಿಲಿಯಂ ಆರ್ಥರ್ 1847ರಲ್ಲಿ ಮೈಸೂರು ಸೀಮೆಯ ಅನುಭವಗಳ ಪುಸ್ತಕವನ್ನೇ ಬರೆದರು. ಇದೇ ವೆಸ್ಲಿಯನ್ ಮಿಷನ್ನಿನ ಬೆಂಗಳೂರಿನ ಅಚ್ಚುಕೂಟದಿಂದ 1849ರಲ್ಲಿ ಜಾನ್ ಗ್ಯಾರೆಟ್ ಭಗವದ್ಗೀತೆಯನ್ನು ಸಂಸ್ಕೃತ, ಕನ್ನಡ, ಇಂಗ್ಲಿಷ್ ಮೂರರಲ್ಲೂ ಹೊರತಂದರು ಎಂಬುದು ನನಗೆ ಬಹಳ ಪ್ರಿಯವಾದ ಸಂಗತಿ. ಆ ಗೀತೆಯ ಹದಿನೆಂಟನೆಯ ಅಧ್ಯಾಯದ ಕೊನೆಗೆ ಕೃಷ್ಣ ಅರ್ಜುನನಿಗೆ ಹೇಳುವುದೂ ಎಲ್ಲ ಬಿಟ್ಟು ನನ್ನೊಬ್ಬನನ್ನು ಶರಣುಹೊಗು, ಪಾಪದಿಂದ ಬಿಡಿಸುವವನು ನಾನು ಎಂದೇ ತಾನೆ?

ಶ್ರೀವೈಷ್ಣವರಲ್ಲಂತೂ ಕೃಪೆಗೆ ಮನುಷ್ಯನ ಪ್ರಯತ್ನವೂ ಬೇಕೇ ಎಂಬ ವಾದ ಎರಡು ಪಂಗಡವನ್ನೇ ಮಾಡಿತು. ವಡಗಲೆಯವರದು ಮರ್ಕಟ ನ್ಯಾಯ: ಮರಿ ತಾಯಿಯನ್ನು ಬಿಗಿಯಾಗಿ ಹಿಡಿದುಕೊಳ್ಳಬೇಕು. ತೆಂಗಲೆಯವರದು ಮಾರ್ಜಾಲ ನ್ಯಾಯ: ಮರಿ ಸುಮ್ಮನಿದ್ದರೆ ಸಾಕು, ತಾಯಿಯೇ ಕಚ್ಚಿಕೊಂಡು ಹೋಗುತ್ತಾಳೆ. ಜರ್ಮನಿಯ ರುಡಾಲ್ಫ್ ಒಟ್ಟೊ 1930ರಲ್ಲಿ ಇಂಥ ಕೃಪಾಮಾರ್ಗಗಳನ್ನು ಕ್ರೈಸ್ತ ಧರ್ಮದ ಪಕ್ಕದಲ್ಲಿಟ್ಟು ಒಂದು ಪುಸ್ತಕವನ್ನೇ ಬರೆದ. ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ಕ್ರೈಸ್ತರಿಗೆ ಆ ಕೃಪೆ ಶಿಲುಬೆಯ ಮೇಲೆ ಸತ್ತ ಒಬ್ಬ ಮನುಷ್ಯನಿಂದ ಬಂದದ್ದು. ಅದನ್ನು ತೆಗೆದರೆ ಉಳಿದದ್ದು ಕ್ರೈಸ್ತ ಧರ್ಮವಲ್ಲ.

ಆ ಸಾವು ಹೇಗೆ ಬಿಡುಗಡೆಯಾಯಿತು? 1098ರ ಹೊತ್ತಿಗೆ ಕ್ಯಾಂಟರ್ಬರಿಯ ಆನ್ಸೆಲ್ಮ್ ಒಂದು ಉತ್ತರ ಬರೆದು ಮುಗಿಸಿದ: ಪಾಪವೆಂದರೆ ದೇವರಿಗೆ ಸಲ್ಲಬೇಕಾದ ಮರ್ಯಾದೆಯ ಬಾಕಿ, ತೀರಿಸಬೇಕಾದವನು ಮನುಷ್ಯ, ತೀರಿಸಬಲ್ಲವನು ದೇವರೊಬ್ಬನೇ, ಆದ್ದರಿಂದ ದೇವರು ಮನುಷ್ಯನಾಗಿ ಬಂದ. ಬಹಳ ಬಿಗಿಯಾದ ತರ್ಕ. ಆದರೂ ನನ್ನ ಮನಸ್ಸು ಅಲ್ಲಿ ಪೂರ್ತಿ ನಿಲ್ಲುವುದಿಲ್ಲ. ಯೇಸುವೇ ಹೇಳಿದ ಕಥೆಯಲ್ಲಿ ಆ ಸಾಲವನ್ನು ಯಾರೂ ಕಟ್ಟಲಿಲ್ಲ, ಜಾಮೀನಿಗೂ ಯಾರೂ ಬರಲಿಲ್ಲ. ಕನಿಕರಪಟ್ಟು ಬಿಟ್ಟುಬಿಟ್ಟ ಅರಸನೇ ನಷ್ಟ ಹೊತ್ತ. ಶಿಲುಬೆಯೆಂದರೆ ಹಾಗೆ ಹೊತ್ತ ನಷ್ಟವೆಂದೇ ನಾನು ಓದುತ್ತೇನೆ.

ಕಥೆಯ ಎರಡನೆಯ ಅರ್ಧವನ್ನು ಜನ ಬೇಗ ಮರೆಯುತ್ತಾರೆ. ಮನ್ನಾ ಆದ ಆಳು ಹೊರಗೆ ಬರುತ್ತಾನೆ. ತನಗೆ 100 ದಿನಾರಿ ಕೊಡಬೇಕಿದ್ದ ಜೊತೆಯವನೊಬ್ಬ ಎದುರಾಗುತ್ತಾನೆ. ನೂರು ದಿನದ ಕೂಲಿಯೂ ಸಣ್ಣದಲ್ಲ. ನರೇಗಾ ಕಾಯ್ದೆ 2005ರಲ್ಲಿ ಬಂದಾಗ ಹಳ್ಳಿಯ ಒಂದು ಮನೆಗೆ ವರ್ಷಕ್ಕೆ ಖಾತ್ರಿ ಕೊಟ್ಟದ್ದೂ ನೂರೇ ದಿನದ ಕೆಲಸ. ಇವನು ಅವನ ಕುತ್ತಿಗೆ ಹಿಡಿಯುತ್ತಾನೆ, ಸೆರೆಗೆ ಹಾಕಿಸುತ್ತಾನೆ. ಸುದ್ದಿ ತಿಳಿದ ಅರಸ ಮಾಡಿದ್ದ ಮನ್ನಾವನ್ನೇ ಹಿಂದಕ್ಕೆ ತೆಗೆದುಕೊಳ್ಳುತ್ತಾನೆ.

ನಂಬಿಕೆಯೋ ಕ್ರಿಯೆಯೋ ಎಂಬ ಜಗಳಕ್ಕೆ ಇದಕ್ಕಿಂತ ನೇರವಾದ ಉತ್ತರ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಕ್ಷಮೆ ಪುಕ್ಕಟೆ ಬರುತ್ತದೆ, ನಿಜ. ಬಂದದ್ದು ಆಳಿನ ಕೈಗಿಳಿಯದೆ ಬಾಯಲ್ಲೇ ಉಳಿದರೆ ಅವನು ಅದನ್ನು ಪಡೆದೇ ಇಲ್ಲ. ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದೆಂದು ಯಾಕೋಬನ ಪತ್ರ ಹೇಳುವುದೂ ಇದನ್ನೇ. ಲೂಥರನಿಗೆ ಆ ಪತ್ರ ಅಷ್ಟಾಗಿ ಹಿಡಿಸಲಿಲ್ಲ. ಆದರೆ 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಲೂಥರನ್ನರೂ ಕ್ಯಾಥೊಲಿಕರೂ ಒಂದೇ ಹೇಳಿಕೆಗೆ ಸಹಿ ಹಾಕಿದರು: ಕೃಪೆಯಿಂದಲೇ ರಕ್ಷಣೆ, ಒಳ್ಳೆಯ ಕೆಲಸ ಅದರ ಫಲ. 2006ರಲ್ಲಿ ವೆಸ್ಲಿಯ ಮೆಥಡಿಸ್ಟರೂ ಅದಕ್ಕೆ ಸೇರಿಕೊಂಡರು.

ಹೊಲ ನುಂಗಿದವನ ಮಾತಿಗೆ ಬರೋಣ. ಅವನ ಕಥೆಯೂ ಬೈಬಲಿನಲ್ಲಿದೆ, ಲೂಕನ ಸುವಾರ್ತೆಯ 19ನೆಯ ಅಧ್ಯಾಯದಲ್ಲಿ. ಜಕ್ಕಾಯ ಸುಂಕದವರ ಮುಖ್ಯಸ್ಥ, ಊರನ್ನು ಹಿಂಡಿ ಹಣ ಮಾಡಿದವನು. ಯೇಸು ಅವನಿಗೆ ಯಾವ ಷರತ್ತನ್ನೂ ಹಾಕದೆ ಅವನ ಮನೆಗೆ ಹೋದ. ಜಕ್ಕಾಯ ತಾನಾಗಿಯೇ ಎದ್ದು ನಿಂತು, ಆಸ್ತಿಯಲ್ಲಿ ಅರ್ಧ ಬಡವರಿಗೆ, ವಂಚಿಸಿ ಕಿತ್ತದ್ದಕ್ಕೆ ನಾಲ್ಕರಷ್ಟು ವಾಪಸು ಎಂದ. ಈ ಮನೆಗೆ ಇವತ್ತು ರಕ್ಷಣೆ ಬಂತೆಂದು ಯೇಸು ಹೇಳಿದ್ದು ಆಗ. ಹೊಲ ಕೈಯಲ್ಲೇ ಇಟ್ಟುಕೊಂಡು ನಂಬಿದೆ ಅನ್ನುವವನ ನಂಬಿಕೆಗೆ ಈ ಪುಸ್ತಕದಲ್ಲಿ ಜಾಗವಿಲ್ಲ.

ನಂಬದವರ ಗತಿಯೇನು ಎಂದು ಆ ಅಜ್ಜ ಕೇಳಲಿಲ್ಲ, ನಾನು ಕೇಳಿಕೊಳ್ಳುತ್ತೇನೆ. 1964ರಲ್ಲಿ ಕ್ಯಾಥೊಲಿಕರ ಎರಡನೆಯ ವ್ಯಾಟಿಕನ್ ಸಭೆ, ತಮ್ಮ ತಪ್ಪಿಲ್ಲದೆ ಕ್ರಿಸ್ತನನ್ನು ಅರಿಯದೆ ಇದ್ದು ನಿಜಮನಸ್ಸಿನಿಂದ ದೇವರನ್ನು ಅರಸುವವರಿಗೂ ರಕ್ಷಣೆ ಸಾಧ್ಯ ಎಂದಿತು. 1920ರಲ್ಲಿ ಕಾರ್ಕಳದಲ್ಲಿ ಹುಟ್ಟಿದ ಸ್ಟ್ಯಾನ್ಲಿ ಸಮರ್ಥ, ಜಿನೀವಾದ ವಿಶ್ವ ಚರ್ಚ್ ಪರಿಷತ್ತಿನ ಸರ್ವಧರ್ಮ ಸಂವಾದ ವಿಭಾಗದ ಮೊದಲ ನಿರ್ದೇಶಕರು, ಇನ್ನೂ ಮುಂದೆ ಹೋದರು: ದೇವರ ರಹಸ್ಯವನ್ನು ಯಾವ ಒಂದು ಧರ್ಮವೂ ಪೂರ್ತಿ ತನ್ನ ಕಣಜಕ್ಕೆ ತುಂಬಿಕೊಳ್ಳಲಾರದೆಂಬುದು ಅವರ ನಿಲುವಿನ ತಿರುಳು. ನಾನು ಸಮರ್ಥರ ಕಡೆಯವನು.

ಯಾರ ಕಡೆಯವರಾದರೂ ಸರಿ, ಮತ್ತಾಯನ 18ನೆಯ ಅಧ್ಯಾಯದ 21ರಿಂದ 35ರವರೆಗಿನ ವಾಕ್ಯಗಳನ್ನೂ ಲೂಕನ 19ರ ಮೊದಲ ಹತ್ತನ್ನೂ ಒಮ್ಮೆ ಓದಿ. ಎರಡೂ ಸೇರಿ ಕಾಲುಗಂಟೆಯ ಓದು. ವಾದ ಮಾಡುವುದಿದ್ದರೆ ಓದಿದ ಮೇಲೆ ಮಾಡೋಣ.